ಗೃಹಿಣಿಯ ಗಂಟು: ಅಗ್ಗದ ಒಣಭೂಮಿ ಕೊಳ್ಳುವ ಮುನ್ನ



ಈ ಸಲ ಬಂದ ಕಾಗದಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬಂದಿದೆ. "ನಮ್ಮ ಮನೆಯವರಿಗೆ ನಿವೃತ್ತಿಯ ಹಣ ಬಂದಿದೆ. ಹಿರಿಯೂರಿನ ಆಚೆ ಜಮೀನು ಬಹಳ ಅಗ್ಗವಂತೆ. ಎರಡು ಎಕರೆ ಕೊಂಡು, ಒಂದು ಪುಟ್ಟ ಮನೆ ಕಟ್ಟಿ, ನಾಲ್ಕು ಗಿಡ ಬೆಳೆಸಿಕೊಂಡು ಇದ್ದುಬಿಡೋಣ ಅಂತಾರೆ. ಸಾಲದಿದ್ದರೆ ನನ್ನ ಬಳೆ ಮಾರಬೇಕಾಗುತ್ತೆ. ಒಪ್ಪಲೇ, ಬೇಡವೇ?" ಎನ್ನುವುದು ಒಂದು ಕಾಗದ. ಇನ್ನೊಬ್ಬರಿಗೆ ಪಾವಗಡದ ಕಡೆ, ಮತ್ತೊಬ್ಬರಿಗೆ ಬಾಗೇಪಲ್ಲಿಯ ಕಡೆ ಯಾರೋ ಜಮೀನು ತೋರಿಸಿದ್ದಾರೆ. ಎಲ್ಲರಿಗೂ ಸೇರಿ ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಯಿತು. ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಬಂದು ಕೂತು ಓದಿ.

ಮೊದಲೇ ಒಂದು ಮಾತು. ಕೊಳ್ಳುವುದು ಬೇರೆ, ಕಟ್ಟುವುದು ಬೇರೆ. ಜಮೀನು ನಿಮ್ಮ ಹೆಸರಿಗೆ ಬಂದುಬಿಟ್ಟರೆ ಅದರಲ್ಲಿ ಮನೆ ಕಟ್ಟುವ ಹಕ್ಕೂ ಬಂದುಬಿಟ್ಟಿತು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಹಣ ಕಳೆದುಕೊಳ್ಳುವವರು ಬಹಳಮಟ್ಟಿಗೆ ಈ ಎರಡನ್ನೂ ಒಂದೇ ಎಂದುಕೊಂಡವರೇ.

ಅಗ್ಗ ಏಕೆ?

ಯಾವ ಸಾಮಾನಾದರೂ ಅಗ್ಗಕ್ಕೆ ಸಿಕ್ಕಿದರೆ ನಾವು ಹೆಂಗಸರು ತಿರುಗಿಸಿ ತಿರುಗಿಸಿ ನೋಡುತ್ತೇವೆ. ಸೀರೆಯಾದರೆ ಸೆರಗು ಬಿಚ್ಚಿ ನೋಡುತ್ತೇವೆ, ಬದನೆಕಾಯಿಯಾದರೆ ತೊಟ್ಟು ನೋಡುತ್ತೇವೆ. ಭೂಮಿಗೂ ಹಾಗೇ ಮಾಡಬೇಕು.

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು, ಪಾವಗಡ, ಜಗಳೂರು, ಕೂಡ್ಲಿಗಿ, ಈ ಸೀಮೆಯೆಲ್ಲ ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿದರೆ, ಇಲ್ಲಿ ಐದುನೂರರ ಆಸುಪಾಸು. ಅದೂ ಹೇಳಿದ ಕಾಲಕ್ಕೆ ಬರುವುದಿಲ್ಲ. ನಮ್ಮಲ್ಲಿ ಮರಳುಗಾಡು ಇಲ್ಲ ನಿಜ. ಆದರೆ ಮರಳುಗಾಡಿಗೆ ತೀರಾ ಹತ್ತಿರದ ನೆಂಟ ಅಂದರೆ ಈ ಬಯಲೇ. ಅಲ್ಲಿನವರು ಶೇಂಗಾ, ರಾಗಿ, ಸಜ್ಜೆ, ತೊಗರಿ ಬೆಳೆದುಕೊಂಡು, ಕುರಿ ಸಾಕಿಕೊಂಡು ತಲೆಮಾರುಗಳಿಂದ ಬಾಳಿದ್ದಾರೆ. ಆ ನೆಲಕ್ಕೆ ಅದರದೇ ಆದ ಬೆಲೆ ಇದೆ. ಆದರೆ ಕಾರಿನಿಂದ ಇಳಿದು "ಎಷ್ಟು ಶಾಂತವಾಗಿದೆ!" ಎನ್ನುವವರಿಗೆ ಕಾಣುವ ಬೆಲೆ ಅಲ್ಲ ಅದು.

ಅಗ್ಗಕ್ಕೆ ಮಳೆ ಒಂದು ಕಾರಣ. ಇನ್ನು ಕೆಲವು ಕಾರಣಗಳು ಕಾಗದದಲ್ಲಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ದಾರಿ ಇಲ್ಲದಿರಬಹುದು, ಹಕ್ಕು ಸರಿಯಿಲ್ಲದಿರಬಹುದು, ಮನೆ ಕಟ್ಟಲು ಅನುಮತಿ ಸಿಗದ ಜಾಗವಾಗಿರಬಹುದು. ಮಳೆಯ ಕಾರಣಕ್ಕೆ ಅಗ್ಗವಾದದ್ದನ್ನು ಕೊಳ್ಳಬಹುದು. ಕಾಗದದ ಕಾರಣಕ್ಕೆ ಅಗ್ಗವಾದದ್ದನ್ನು ಕೊಳ್ಳಬಾರದು.

ನಾವು ಕೊಳ್ಳಬಹುದೇ?

ಬಹಳ ವರ್ಷಗಳ ಕಾಲ ಕರ್ನಾಟಕದಲ್ಲಿ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವ ಹಾಗಿರಲಿಲ್ಲ. 1961ರ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳು ಅಡ್ಡ ನಿಂತಿದ್ದವು. 2020ರ ತಿದ್ದುಪಡಿಯಲ್ಲಿ ಆ ಎರಡು ಕಲಮುಗಳನ್ನೂ ತೆಗೆದುಹಾಕಿದರು. ಪೇಟೆಯ ಗುಮಾಸ್ತರೂ ಮೇಷ್ಟರೂ ಹೊಲ ಕೊಳ್ಳುವಂತಾದದ್ದು ಹೀಗೆ. ಜಮೀನು ತೋರಿಸುವವರು ಹೆಚ್ಚಾದದ್ದಕ್ಕೂ ಇದೇ ಒಂದು ಕಾರಣ.

ಆದ್ದರಿಂದ "ಕೊಳ್ಳಬಹುದೇ?" ಅಂದರೆ ಕೊಳ್ಳಬಹುದು. ಗಮನಿಸಿ, 2020ರಲ್ಲಿ ಸಡಿಲವಾದದ್ದು ಕೊಳ್ಳುವ ನಿಯಮ. ಕಟ್ಟುವ ನಿಯಮ ಅದರ ಜೊತೆಗೆ ಸಡಿಲವಾಗಲಿಲ್ಲ.

ಕಟ್ಟಬಹುದೇ?

ಕೃಷಿಭೂಮಿ ಇರುವುದು ಕೃಷಿಗೆ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೇ ಕಲಮು ಹೇಳುವುದು ಇಷ್ಟು: ಬೇಸಾಯಕ್ಕೆ ಬೇಕಾದ ಬಾವಿ ತೋಡಬಹುದು, ಬೇಸಾಯದ ಕಟ್ಟಡ ಕಟ್ಟಿಕೊಳ್ಳಬಹುದು. ಅದನ್ನು ಬಿಟ್ಟು ಬೇರೆ ಯಾವುದೇ ಕೆಲಸಕ್ಕೆ ಆ ನೆಲವನ್ನು ಬಳಸಬೇಕಾದರೆ ಜಿಲ್ಲಾಧಿಕಾರಿಗಳ ಅಪ್ಪಣೆ ಬೇಕು. ಇದನ್ನೇ ಜನ ಡಿ.ಸಿ. ಕನ್ವರ್ಷನ್ ಅನ್ನುವುದು.

"ಹಾಗಾದರೆ ತೋಟದ ಮನೆ ಕಟ್ಟುತ್ತಾರಲ್ಲ, ಅದು?" ಅಂತೀರಿ. ಅದಕ್ಕೂ ಕಾಯಿದೆಯಲ್ಲಿ ಅವಕಾಶ ಉಂಟು, ಅಳತೆಯೂ ಉಂಟು. ತೋಟದ ಮನೆ ಹಿಡುವಳಿಯ ನೂರಕ್ಕೆ ಹತ್ತರಷ್ಟು ಜಾಗವನ್ನು ಮೀರಬಾರದು. ಅದಕ್ಕೂ ಮೇಲೆ ನಿಯಮದಲ್ಲಿ ಹೇಳಿದ ಗರಿಷ್ಠ ಮಿತಿ ಇರುತ್ತದೆ. ಬೇಸಾಯ ಮಾಡುವವರ ಸ್ವಂತ ವಾಸಕ್ಕೆ, ಅಥವಾ ಸಲಕರಣೆ ಇಡಲು, ದನ ಕಟ್ಟಲು ಅದು ಇರಬೇಕು. ವ್ಯಾಪಾರಕ್ಕಾಗಿ ಬಾಡಿಗೆಗೆ ಬಿಡುವಂತಿಲ್ಲ. ವಾರದ ಕೊನೆಗೆ ಬೆಂಗಳೂರಿನವರಿಗೆ ಬಾಡಿಗೆಗೆ ಕೊಟ್ಟು ಸಂಪಾದಿಸೋಣ ಎನ್ನುವ ಯೋಚನೆ ಇದ್ದರೆ ಅಲ್ಲಿಗೇ ಬಿಡಿ.

ಈಗ ಲೆಕ್ಕ ಹಾಕೋಣ. ಎಕರೆಗೆ 40 ಗುಂಟೆ. ಗುಂಟೆಗೆ 1,089 ಚದರಡಿ. ಎರಡು ಎಕರೆ ಅಂದರೆ 80 ಗುಂಟೆ. ಅದರ ಹತ್ತನೇ ಒಂದು ಭಾಗ 8 ಗುಂಟೆ. ಒಂದು ಸಂಸಾರದ ಮನೆಗೆ ಧಾರಾಳವಾಯಿತು. ಆದರೆ ಈಗ ಪೇಟೆಯವರಿಗೆ ಎರಡು ಎಕರೆ ಮಾರುವವರು ಕಡಿಮೆ. 10 ಗುಂಟೆ, 5 ಗುಂಟೆ ಅಂತ ತುಂಡು ಮಾಡಿ "ತೋಟದ ಸೈಟು" ಎಂದು ಮಾರುತ್ತಾರೆ. 10 ಗುಂಟೆಯ ಹತ್ತನೇ ಒಂದು ಭಾಗ 1,089 ಚದರಡಿ. 5 ಗುಂಟೆಯದ್ದು 544 ಚದರಡಿ. ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿದ ಚಿತ್ರದ ಮನೆ ಈ 544 ಅಡಿಯೊಳಗೆ ಕೂರುತ್ತದೆಯೇ, ನೀವೇ ಹೇಳಿ. ಜೊತೆಗೆ ಆ 5 ಗುಂಟೆಯಲ್ಲಿ ನೀವು ನಿಜವಾಗಿ ಬೇಸಾಯ ಮಾಡುತ್ತಿದ್ದೀರಾ ಅಂತ ಯಾರಾದರೂ ಕೇಳಿದರೆ, ನಾಲ್ಕು ದಾಸವಾಳದ ಗಿಡ ತೋರಿಸಿದರೆ ಸಾಲದು.

ಇಷ್ಟೇ ಅಲ್ಲ. ಗ್ರಾಮ ಪಂಚಾಯತಿಯ ಸರಹದ್ದಿನಲ್ಲಿ ಪಂಚಾಯತಿಯ ಲಿಖಿತ ಅನುಮತಿ ಇಲ್ಲದೆ ಕಟ್ಟಡ ಎಬ್ಬಿಸಕೂಡದೆಂದು 1993ರ ಪಂಚಾಯತ್ ರಾಜ್ ಕಾಯಿದೆ ಹೇಳುತ್ತದೆ. "ಹಳ್ಳಿಯಲ್ಲಿ ಯಾರು ಕೇಳ್ತಾರೆ ಬಿಡಿ" ಎಂಬ ಮಾತನ್ನು ನಂಬಬೇಡಿ. ಕೇಳುವವರು ಬರುವ ಹೊತ್ತಿಗೆ ನಿಮ್ಮ ತಾರಸಿ ಆಗಿರುತ್ತದೆ, ಮಾರಿದವರು ಫೋನು ಎತ್ತುವುದಿಲ್ಲ.

ಪೂರ್ತಿ ಪ್ರಮಾಣದ ಮನೆ ಬೇಕೆಂದರೆ ಕನ್ವರ್ಷನ್ ಮಾಡಿಸಿ. 2022ರ ತಿದ್ದುಪಡಿಯಿಂದ, ಅರ್ಜಿದಾರರು ಪ್ರಮಾಣಪತ್ರ ಕೊಟ್ಟು ಅರ್ಜಿ ಹಾಕುವಂತಾಗಿ ದಾರಿ ಸುಲಭವಾಗಿದೆ. ಆದರೆ ಪ್ರಮಾಣಪತ್ರದಲ್ಲಿ ಬರೆದದ್ದು ತಪ್ಪೆಂದು ಗೊತ್ತಾದರೆ ಹೊಣೆ ಸಹಿ ಹಾಕಿದವರದೇ. ಆ ಊರು ಯಾವುದಾದರೂ ಪಟ್ಟಣದ ಮಹಾಯೋಜನೆಯೊಳಗೆ ಸೇರಿದ್ದರೆ, ನಿಮ್ಮ ಸರ್ವೆ ನಂಬರು ಯಾವ ಬಣ್ಣದಲ್ಲಿದೆ ಎಂದು ಯೋಜನಾ ಪ್ರಾಧಿಕಾರದ ನಕ್ಷೆಯಲ್ಲಿ ನೋಡಿ. ಹಸಿರು ಪಟ್ಟಿಯಲ್ಲಿದ್ದರೆ ಮನೆಯ ಆಸೆ ಅಲ್ಲಿಗೆ ನಿಂತಿತು. ಕನ್ವರ್ಷನ್ ಆಗದ ಕೃಷಿಭೂಮಿಯ ಮೇಲೆ ಮನೆ ಕಟ್ಟಲು ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ ಎಂಬುದೂ ನೆನಪಿರಲಿ. ಬ್ಯಾಂಕಿನವರ ವಕೀಲರು ಬೇಡವೆಂದ ಆಸ್ತಿಯನ್ನು ನಾವು ಕೈಯಾರೆ ಹಣ ಕೊಟ್ಟು ಏಕೆ ಕೊಳ್ಳಬೇಕು?

ಎರಡು ದೋಣಿಯ ಮೇಲೆ ಕಾಲು

ಮಾರುವವರು ಒಂದು ಚಮತ್ಕಾರ ಮಾಡುತ್ತಾರೆ, ಅದನ್ನು ತಿಳಿದಿರಿ. 2016ರ ರೇರಾ ಕಾಯಿದೆಯ ಪ್ರಕಾರ 500 ಚದರ ಮೀಟರಿಗೆ ಮೀರಿದ ಬಡಾವಣೆಯನ್ನು ಮಾರುವ ಮುಂಚೆ ನೋಂದಾಯಿಸಬೇಕು. "ರೇರಾ ನಂಬರು ಕೊಡಿ" ಅಂದರೆ, "ಇದು ಕೃಷಿಭೂಮಿ ಅಮ್ಮಾ, ಇದಕ್ಕೆ ರೇರಾ ಬೇಡ" ಅನ್ನುತ್ತಾರೆ. "ಹಾಗಾದರೆ ಮನೆ ಕಟ್ಟಬಹುದೇ?" ಅಂದರೆ, "ಓಹೋ, ಧಾರಾಳವಾಗಿ! ರಸ್ತೆ, ದೀಪ, ಕ್ಲಬ್ ಹೌಸು ಎಲ್ಲ ಕೊಡ್ತೀವಿ" ಅನ್ನುತ್ತಾರೆ.

ಎರಡೂ ಒಟ್ಟಿಗೆ ನಿಜವಾಗಲು ಹೇಗೆ ಸಾಧ್ಯ? ಹೊಲವಾದರೆ ಅದು ಹೊಲ: ಬೇಸಾಯ ಮಾಡಿ, ಹತ್ತನೇ ಒಂದು ಭಾಗದೊಳಗೆ ಮನೆ ಕಟ್ಟಿಕೊಳ್ಳಿ. ಬಡಾವಣೆಯಾದರೆ ಅದು ಬಡಾವಣೆ: ಕನ್ವರ್ಷನ್ ಆದೇಶ, ಯೋಜನಾ ಪ್ರಾಧಿಕಾರದ ಒಪ್ಪಿಗೆಯಾದ ನಕ್ಷೆ, ರೇರಾ ನಂಬರು ಮೂರನ್ನೂ ತೋರಿಸಲಿ. ನಿಮ್ಮನ್ನು ಎರಡು ದೋಣಿಯ ಮೇಲೆ ನಿಲ್ಲಿಸುವವರ ಹತ್ತಿರ ವ್ಯವಹಾರ ಬೇಡ. ಪಂಚಾಯತಿಯ ತೆರಿಗೆ ರಸೀದಿ ತೋರಿಸಿ ಸಮಾಧಾನ ಹೇಳಿದರೂ ಒಪ್ಪಬೇಡಿ. ತೆರಿಗೆ ಕಟ್ಟಿದ ರಸೀದಿ ಕಟ್ಟಡಕ್ಕೆ ಅನುಮತಿ ಆಗುವುದಿಲ್ಲ.

ಆ ಭೂಮಿ ನಿಜವಾಗಿ ಯಾರದು?

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿ ಆಯಿತೆಂದರೆ ಹಕ್ಕು ಗಟ್ಟಿಯಾಯಿತು ಎಂದಲ್ಲ. ಮಾರಿದವರಿಗೆ ಹಕ್ಕು ಇದ್ದರೆ ತಾನೇ ನಿಮಗೆ ಬರುವುದು? ಪಾತ್ರೆಯಲ್ಲಿ ಇಲ್ಲದ್ದು ಸೌಟಿಗೆ ಹೇಗೆ ಬರುತ್ತದೆ?

ಒಣಸೀಮೆಯಲ್ಲಿ ವಿಶೇಷವಾಗಿ ನೋಡಬೇಕಾದದ್ದು, ಆ ಭೂಮಿ ಸರ್ಕಾರದಿಂದ ಮಂಜೂರಾದದ್ದೇ ಎಂಬುದನ್ನು. ಭೂಮಿ ಇಲ್ಲದವರಿಗೆ ಸರ್ಕಾರ ಹಂಚಿದ ಜಮೀನು ಈ ತಾಲ್ಲೂಕುಗಳಲ್ಲಿ ಸಾಕಷ್ಟಿದೆ. ಮಂಜೂರಾತಿ ಪತ್ರದಲ್ಲಿ "ಇಷ್ಟು ವರ್ಷ ಪರಭಾರೆ ಮಾಡಕೂಡದು" ಎಂಬ ಷರತ್ತು ಇರುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಭೂಮಿಯಾದರೆ 1978ರ ಪಿ.ಟಿ.ಸಿ.ಎಲ್. ಕಾಯಿದೆ ಇನ್ನೂ ಬಿಗಿ: ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡದ್ದು ಊರ್ಜಿತವಲ್ಲ. ಉಪವಿಭಾಗಾಧಿಕಾರಿಗಳು ಭೂಮಿಯನ್ನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ವಾಪಸು ಕೊಡಿಸಬಹುದು; ಕೊಂಡವರಿಗೆ ಕೊಟ್ಟ ಹಣ ಕೂಡ ಬರುವುದಿಲ್ಲ. ಎಷ್ಟೋ ವರ್ಷವಾಯಿತು, ಇನ್ನೇನು ಎನ್ನುವಂತೆಯೂ ಇಲ್ಲ. ಅರ್ಜಿ ಹಾಕಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿಯಲ್ಲಿ ಸ್ಪಷ್ಟಪಡಿಸಿದ್ದಾರೆ.

ಇದನ್ನು ಅನ್ಯಾಯ ಎನ್ನುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಒಂದು ಬರಗಾಲಕ್ಕೋ, ಒಂದು ಮದುವೆಯ ಸಾಲಕ್ಕೋ ಬಡವರ ಕೈಯಿಂದ ಭೂಮಿ ಅಗ್ಗಕ್ಕೆ ಜಾರಿಹೋಗಬಾರದೆಂದೇ ಆ ಕಾಯಿದೆ ಬಂದದ್ದು. ನಮಗೆ ಸಿಕ್ಕ "ಅಗ್ಗ" ಇನ್ನೊಬ್ಬ ತಾಯಿಯ ಕಷ್ಟದಿಂದ ಬಂದದ್ದೇ ಎಂದು ನೋಡುವುದು ಕಾಯಿದೆಗೆ ಹೆದರಿ ಮಾತ್ರವಲ್ಲ, ಮನಸ್ಸಾಕ್ಷಿಗೂ ಅಗತ್ಯ. ಆದ್ದರಿಂದ ತಾಲ್ಲೂಕು ಕಚೇರಿಯಲ್ಲಿ ಮೂಲ ಮಂಜೂರಾತಿ ಕಡತ, ಸಾಗುವಳಿ ಚೀಟಿ ತೆಗೆಸಿ ನೋಡಿ. ಪಿ.ಟಿ.ಸಿ.ಎಲ್. ಪ್ರಕರಣ ಇಲ್ಲವೆಂದು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಹಿಂಬರಹ ಪಡೆಯಿರಿ.

ಇನ್ನು ಗೋಮಾಳ, ಕಾವಲು. ಗೋಮಾಳ ಊರ ದನ ಮೇಯಲು ಬಿಟ್ಟ ಸರ್ಕಾರಿ ಜಾಗ. ಚಳ್ಳಕೆರೆಯ ಸುತ್ತ ಅಮೃತಮಹಲ್ ಕಾವಲುಗಳಿವೆ, ರಾಜರ ಕಾಲದಿಂದ ಎತ್ತಿನ ತಳಿಗಾಗಿ ಇಟ್ಟ ಹುಲ್ಲುಗಾವಲು. ಇವನ್ನು "ನಾವೇ ಅನುಭವದಲ್ಲಿದ್ದೇವೆ" ಎಂದು ಯಾರಾದರೂ ಮಾರಲು ಬಂದರೆ ಕೈ ಮುಗಿದು ಕಳಿಸಿ. ಬಗರ್‌ಹುಕುಂ ಅರ್ಜಿ ಹಾಕಿದ್ದೇವೆ ಎಂದರೂ ಅಷ್ಟೇ. ಅರ್ಜಿ ಎನ್ನುವುದು ಕೇಳಿಕೆ, ಹಕ್ಕಲ್ಲ.

ಪಹಣಿಯಲ್ಲಿ ಖರಾಬು ಎಷ್ಟು ಬರೆದಿದೆ ನೋಡಿ. 'ಎ' ಖರಾಬು ಕಲ್ಲು, ಬರಡು ಇತ್ಯಾದಿ ಸಾಗುವಳಿಗೆ ಬಾರದ ಜಾಗ. 'ಬಿ' ಖರಾಬು ದಾರಿ, ಹಳ್ಳ, ಸ್ಮಶಾನ ಮೊದಲಾಗಿ ಸಾರ್ವಜನಿಕರಿಗೆ ಬಿಟ್ಟದ್ದು. ಅಳತೆ ತೋರಿಸುವಾಗ ಖರಾಬನ್ನೂ ಸೇರಿಸಿ ಎಕರೆ ಲೆಕ್ಕ ಹೇಳಿ ಹಣ ಕೇಳುವವರುಂಟು. 'ಬಿ' ಖರಾಬಿಗೆ ಒಂದು ಕಾಸೂ ಕೊಡಬೇಡಿ, ಅದು ಮಾರುವವರದ್ದೇ ಅಲ್ಲ.

ಹೆಣ್ಣುಮಕ್ಕಳ ಸಹಿ

ಇದನ್ನು ನಮ್ಮ ಪತ್ರಿಕೆಯಲ್ಲಲ್ಲದೆ ಇನ್ನೆಲ್ಲಿ ಹೇಳಲಿ? ಪಿತ್ರಾರ್ಜಿತ ಜಮೀನು ಮಾರುವಾಗ ಅಣ್ಣತಮ್ಮಂದಿರು ಮಾತ್ರ ಬಂದು ಸಹಿ ಹಾಕಿ ಹೋಗುವ ಪದ್ಧತಿ ಇನ್ನೂ ಇದೆ. "ಅಕ್ಕನ್ನ ಮದುವೆ ಮಾಡಿ ಕೊಟ್ಟಾಯ್ತು, ಅವಳದ್ದೇನಿದೆ?" ಎನ್ನುತ್ತಾರೆ. ಬಹಳವಿದೆ! ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತ್ತು. ಆಗ ಮದುವೆಯಾದವರನ್ನು ಬಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ತಂದೆ ಆ ದಿನ ಬದುಕಿದ್ದರೋ ಇಲ್ಲವೋ ಅದು ಮುಖ್ಯವಲ್ಲ, ಹಕ್ಕು ಹುಟ್ಟಿನಿಂದಲೇ ಎಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು.

ಆದ್ದರಿಂದ ಮಾರುವವರ ವಂಶವೃಕ್ಷ ತರಿಸಿ, ಅದರಲ್ಲಿ ಎಷ್ಟು ಹೆಣ್ಣುಮಕ್ಕಳಿದ್ದಾರೆ ಎಣಿಸಿ. ಅಷ್ಟೂ ಜನ ಕ್ರಯಪತ್ರಕ್ಕೆ ಸಹಿ ಹಾಕಲಿ, ಅವರ ಪಾಲಿನ ಹಣ ಅವರ ಕೈಗೆ ಸೇರಲಿ. ಹಾಗೆ ಮಾಡಿಸಿದರೆ ನಾಳೆ ನಿಮ್ಮ ಮೇಲೆ ಪಾಲಿನ ದಾವೆ ಬರುವುದಿಲ್ಲ. ಎಲ್ಲೋ ಇರುವ ಒಬ್ಬ ಹೆಣ್ಣುಮಗಳಿಗೆ ಅವಳ ತವರಿನ ಹಕ್ಕೂ ಸಿಗುತ್ತದೆ. ತವರಿನಲ್ಲಿ ನಿಮ್ಮ ಸಹಿ ಕೇಳದೆ ಮಾರಿದರೆ ನಿಮಗೆ ಹೇಗಾದೀತು? ಹಾಗೇ ಯೋಚಿಸಿ.

ನಕ್ಷೆಯಲ್ಲಿ ನೋಡಬೇಕಾದದ್ದು

ಕಾಗದ ಶುದ್ಧವಾಗಿದ್ದರೂ ಕೆಲವು ಜಾಗಗಳಲ್ಲಿ ಕಟ್ಟಲು ಬಿಡುವುದಿಲ್ಲ.

ಈ ಸೀಮೆಯಲ್ಲಿ ಹಳೆಯ ಸ್ಮಾರಕಗಳು ಬಹಳ. ಚಿತ್ರದುರ್ಗದ ಕೋಟೆ ಗೊತ್ತೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಕೇಂದ್ರ ಸರ್ಕಾರ ಸಂರಕ್ಷಿಸಿದ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು. ಅಲ್ಲಿಂದಾಚೆ ಮತ್ತೆ 200 ಮೀಟರು ಅನುಮತಿ ಪಡೆದೇ ಕಟ್ಟಬೇಕು. ಇದು 2010ರ ತಿದ್ದುಪಡಿಯಿಂದ ಕಾಯಿದೆಯಲ್ಲೇ ಸೇರಿದೆ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹತ್ತಿರ ಕೃಷ್ಣಮೃಗಗಳ ಜಯಮಂಗಲಿ ಮೀಸಲು ಪ್ರದೇಶವಿದೆ. ಜಗಳೂರಿನಲ್ಲಿ ಕೊಂಡುಕುರಿಗಳ ರಂಗಯ್ಯನದುರ್ಗ ಅಭಯಾರಣ್ಯ, ಶಿರಾ ಸೀಮೆಯಲ್ಲಿ ಬುಕ್ಕಾಪಟ್ಟಣದ ಚಿಂಕಾರ ಅಭಯಾರಣ್ಯ. ಹೊರಗಿನಿಂದ ಬಂದವರಿಗೆ ಬರೀ ಕುರುಚಲು ಗುಡ್ಡ ಎಂದು ಕಾಣುವುದು ಅರಣ್ಯದ ದಾಖಲೆಯಲ್ಲಿರಬಹುದು. ಮಗ್ಗುಲಲ್ಲಿ ಗುಡ್ಡವಿದ್ದರೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಸರ್ವೆ ನಂಬರು ಹೇಳಿ ವಿಚಾರಿಸಿ.

ಹೈಟೆನ್ಷನ್ ತಂತಿ ಹಾದುಹೋಗಿದ್ದರೆ ಅದರ ಎರಡೂ ಪಕ್ಕ ಜಾಗ ಬಿಡಬೇಕು. ವೋಲ್ಟೇಜ್ ಹೆಚ್ಚಿದಷ್ಟೂ ಬಿಡುವ ಅಗಲ ಹೆಚ್ಚು. ಗಾಳಿಯಂತ್ರ, ಸೋಲಾರು ಬಂದ ಮೇಲೆ ಈ ಬಯಲಿನಲ್ಲಿ ತಂತಿ ಹೆಚ್ಚಾಗಿದೆ. ಹೆದ್ದಾರಿಯ ಪಕ್ಕ, ಕೆರೆಯಂಗಳ, ಹಳ್ಳದ ಅಂಚು ಇವಕ್ಕೂ ಬಿಡಬೇಕಾದ ಅಂತರ ಇದೆ. ಮಳೆ ಕಾಣದ ಹಳ್ಳ ಸತ್ತಿದೆ ಎಂದುಕೊಳ್ಳಬೇಡಿ, ಹತ್ತು ವರ್ಷಕ್ಕೊಮ್ಮೆ ಎದ್ದು ಬರುತ್ತದೆ.

ದಾರಿಯ ವಿಷಯ. ಪಕ್ಕದ ಹೊಲದವರು "ಓಡಾಡಿಕೊಳ್ಳಿ, ಅದಕ್ಕೇನಂತೆ" ಅಂದದ್ದು ದಾರಿಯಲ್ಲ. ಗ್ರಾಮನಕ್ಷೆಯಲ್ಲಿ ಕಾಣುವ ದಾರಿ, ಅಂದರೆ ಹಳ್ಳಿಯವರು "ನಕಾಶೆ ಕಂಡ ದಾರಿ" ಅನ್ನುತ್ತಾರಲ್ಲ, ಅದು ನಿಮ್ಮ ಜಮೀನಿಗೆ ಮುಟ್ಟಬೇಕು. ಇಲ್ಲವಾದರೆ ದಾರಿಯ ಹಕ್ಕನ್ನು ಕ್ರಯಪತ್ರದಲ್ಲಿ ಬರೆಸಿ ನೋಂದಾಯಿಸಿಕೊಳ್ಳಬೇಕು. ಇಟ್ಟಿಗೆ ಲಾರಿ ಹೋಗದ ಜಾಗದಲ್ಲಿ ಮನೆ ಕಟ್ಟುವುದು ಹೇಗೆ?

ನೀರಿನ ಮಾತು

ಜಮೀನು ತೋರಿಸುವವರು ಮಳೆಗಾಲ ಮುಗಿಯುವ ಹೊತ್ತಿಗೆ ಕರೆದುಕೊಂಡು ಹೋಗುತ್ತಾರೆ. ಶೇಂಗಾ ಹಸಿರಾಗಿರುತ್ತದೆ, ಕುಂಟೆಯಲ್ಲಿ ನೀರಿರುತ್ತದೆ. ನೀವು ಏಪ್ರಿಲ್, ಮೇ ತಿಂಗಳಲ್ಲಿ ಹೋಗಿ. ಗಂಡಸರು ಅರಳೀಕಟ್ಟೆಯಲ್ಲಿ ಬೆಲೆ ಮಾತಾಡುತ್ತಿರಲಿ, ನೀವು ನಲ್ಲಿಯ ಹತ್ತಿರ ಹೋಗಿ ಕೊಡ ಹಿಡಿದು ನಿಂತ ಹೆಂಗಸರನ್ನು ಕೇಳಿ. "ಅಕ್ಕಾ, ಎಷ್ಟು ದಿನಕ್ಕೆ ನೀರು ಬಿಡ್ತಾರೆ? ಕುಡಿಯೋಕೆ ಎಲ್ಲಿಂದ ತರ್ತೀರ? ಪಕ್ಕದ ಬೋರು ಎಷ್ಟಡಿಗೆ ಹೋಯ್ತು?" ಅವರಿಗೆ ಗೊತ್ತಿರುವಷ್ಟು ನೀರಿನ ವಿಷಯ ಯಾವ ಎಂಜಿನಿಯರಿಗೂ ಗೊತ್ತಿರುವುದಿಲ್ಲ, ಸುಳ್ಳು ಹೇಳುವ ಲಾಭವೂ ಅವರಿಗಿಲ್ಲ.

ಬೋರು ಕೊರೆಸಲೂ ಎಲ್ಲ ಕಡೆ ಸ್ವಾತಂತ್ರ್ಯವಿಲ್ಲ. 2011ರ ಅಂತರ್ಜಲ ಕಾಯಿದೆಯಂತೆ, ಅಂತರ್ಜಲ ಮಿತಿಮೀರಿ ಬಳಕೆಯಾದ ಪ್ರದೇಶವೆಂದು ಅಧಿಸೂಚನೆ ಹೊರಡಿಸಿದ ಕಡೆ ಮೊದಲು ಅನುಮತಿ ಪಡೆಯಬೇಕು. ಆ ತಾಲ್ಲೂಕು ಪಟ್ಟಿಯಲ್ಲಿದೆಯೇ ಎಂದು ಜಿಲ್ಲಾ ಅಂತರ್ಜಲ ಕಚೇರಿಯಲ್ಲಿ ಕೇಳಿ. ಆಳಕ್ಕೆ ಹೋದಷ್ಟೂ ನೀರಿನಲ್ಲಿ ಫ್ಲೋರೈಡ್ ಬರುವ ಭಯ ಈ ಸೀಮೆಯಲ್ಲಿದೆ. ಪಾವಗಡ ಅದಕ್ಕೆ ಹೆಸರಾದದ್ದು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದರೆ ಆ ನೀರು ಕುಡಿಯಲು ತಕ್ಕದ್ದಲ್ಲ. ಪಕ್ಕದ ಬೋರಿನ ನೀರನ್ನು ಬಾಟಲಿಯಲ್ಲಿ ತಂದು ಪರೀಕ್ಷೆ ಮಾಡಿಸಿ. ಊರಿನ ಮಕ್ಕಳು ನಕ್ಕಾಗ ಹಲ್ಲಿನಲ್ಲಿ ಕಂದು ಗೆರೆ ಕಂಡರೆ ಪರೀಕ್ಷೆಗೆ ಮುಂಚೆಯೇ ಉತ್ತರ ಸಿಕ್ಕಂತೆ.

ಬೆಲೆ ಏರುತ್ತದೆ ಎನ್ನುವವರಿಗೆ

"ಪಾವಗಡಕ್ಕೆ ಸೋಲಾರು ಬಂತು, ಚಳ್ಳಕೆರೆಗೆ ವಿಜ್ಞಾನ ಸಂಸ್ಥೆ, ಇಸ್ರೋ ಬಂತು. ಈಗ ಕೊಂಡರೆ ನಾಳೆ ಬಂಗಾರ" ಎಂಬುದು ಇನ್ನೊಂದು ಮಾತು. ನಿಜವೇನು? ಪಾವಗಡದ ಸೋಲಾರು ಪಾರ್ಕಿಗೆ ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ತಿರುಮಣಿ, ವಳ್ಳೂರು ಮೊದಲಾದ ಐದು ಊರಿನಲ್ಲಿ ಒತ್ತಾಗಿ ಸಿಕ್ಕ ಭೂಮಿ ಅದು. ಎಲ್ಲೋ ಒಂಟಿಯಾಗಿರುವ ನಿಮ್ಮ ಎರಡು ಎಕರೆಯನ್ನು ಹುಡುಕಿಕೊಂಡು ಯಾವ ಕಂಪನಿ ಬರುತ್ತದೆ? ಚಳ್ಳಕೆರೆಯ ಸಂಸ್ಥೆಗಳಿಗೆ ಹೋದದ್ದು ಕಾವಲಿನ ಸರ್ಕಾರಿ ಭೂಮಿ. ಅದರ ಆಸೆಗೆ ನಿಮ್ಮ ಬಳೆ ಮಾರಬೇಡಿ.

ಹೆಜ್ಜೆ ಹೆಜ್ಜೆಯಾಗಿ

ಅಡುಗೆಗೆ ಸಾಮಾನು ಜೋಡಿಸಿಕೊಳ್ಳುವ ಹಾಗೆ, ಮುಂಗಡ ಕೊಡುವ ಮುಂಚೆ ಇಷ್ಟನ್ನು ಜೋಡಿಸಿಕೊಳ್ಳಿ:

1. ಈಗಿನ ಪಹಣಿ, ಜೊತೆಗೆ ಹಳೆಯ ವರ್ಷಗಳ ಪಹಣಿ. 9ನೇ ಕಲಮಿನಲ್ಲಿ ಯಾರ ಹೆಸರು, 11ರಲ್ಲಿ ಸಾಲವೋ ತಗಾದೆಯೋ ಏನು ಬರೆದಿದೆ ನೋಡಿ. ಹಲವರ ಹೆಸರು ಜಂಟಿಯಾಗಿದ್ದರೆ ಪೋಡಿ ಆಗಿದೆಯೇ ಕೇಳಿ. ಪೋಡಿ ಆಗದಿದ್ದರೆ ನಿಮ್ಮ ಎರಡು ಎಕರೆ ಯಾವ ಮೂಲೆಯದು ಎಂದು ಯಾರೂ ಹೇಳಲಾರರು.

2. ಮ್ಯುಟೇಷನ್ ಪ್ರತಿಗಳು, ಮೂಲ ಪತ್ರಗಳು, ಮೂವತ್ತು ವರ್ಷಕ್ಕೆ ಕಡಿಮೆಯಿಲ್ಲದ ಇ.ಸಿ.

3. ಸರ್ವೆ ನಂಬರಿನ ಒಂದು ಭಾಗವನ್ನು ಕೊಳ್ಳುವುದಾದರೆ 11ಇ ನಕ್ಷೆ. ಸರ್ವೆಯರು ಬಂದು ಅಳೆದು ಕಲ್ಲು ತೋರಿಸುವಾಗ ನೀವೂ ಹೋಗಿ ನಿಲ್ಲಿ.

4. ಗ್ರಾಮನಕ್ಷೆ, ಮಂಜೂರಾತಿ ಕಡತ, ವಂಶವೃಕ್ಷ, ಉಪವಿಭಾಗಾಧಿಕಾರಿಗಳ ಹಿಂಬರಹ.

5. ಮನೆಯ ಆಸೆಯಿದ್ದರೆ ಪಂಚಾಯತಿಗೆ ಹೋಗಿ, ಅಭಿವೃದ್ಧಿ ಅಧಿಕಾರಿಯನ್ನೇ ಕೇಳಿ: "ಈ ಸರ್ವೆ ನಂಬರಿನಲ್ಲಿ ಮನೆಗೆ ಅನುಮತಿ ಕೊಡುತ್ತೀರಾ? ಏನೇನು ಬೇಕು?" ಬಾಯಿಮಾತು ಸಾಲದು, ಅರ್ಜಿ ಕೊಟ್ಟು ಬರವಣಿಗೆಯಲ್ಲಿ ಪಡೆಯಿರಿ.

6. ಮಾರುವವರದ್ದಲ್ಲದ, ನಿಮ್ಮದೇ ವಕೀಲರು. ಅವರ ಫೀಸು ದುಬಾರಿ ಎನಿಸಿದರೆ ಜಮೀನಿನ ಬೆಲೆಯ ಪಕ್ಕದಲ್ಲಿಟ್ಟು ನೋಡಿ.

ಇವೆಲ್ಲ ಕೈಗೆ ಬಂದ ಮೇಲೆ ಕರಾರುಪತ್ರ. ಕನ್ವರ್ಷನ್ ಸಿಗದಿದ್ದರೆ, ಹಕ್ಕಿನಲ್ಲಿ ದೋಷ ಕಂಡರೆ ಮುಂಗಡ ವಾಪಸು ಎಂಬ ಷರತ್ತು ಅದರಲ್ಲಿರಲಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. "ಜಿ.ಪಿ.ಎ. ಮಾಡಿಕೊಡ್ತೀವಿ, ಕ್ರಯಪತ್ರ ಆಮೇಲೆ" ಎಂದರೆ ಎದ್ದು ಬನ್ನಿ. ಜಿ.ಪಿ.ಎ.ಯಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ನಿಮ್ಮ ಬಳೆಯ ಹಣ ಸೇರಿದ್ದರೆ ಕ್ರಯಪತ್ರದಲ್ಲಿ ನಿಮ್ಮ ಹೆಸರೂ ಸೇರಲಿ. ಇದನ್ನು ಕೇಳಲು ಸಂಕೋಚ ಬೇಡ. ಜಗಳವಾಡಿ ಕೇಳಬೇಕಾಗಿಲ್ಲ, ಮೊದಲೇ ನಗುತ್ತಾ ಹೇಳಿಬಿಡಿ.

ಕೊನೆಗೆ ನನ್ನ ಅಭಿಪ್ರಾಯ ಕೇಳುತ್ತೀರಿ. ಬೇಸಾಯ ಮಾಡುವ ಮನಸ್ಸು, ಮೈಯಲ್ಲಿ ಶಕ್ತಿ, ಅಲ್ಲಿಯ ಜನರೊಂದಿಗೆ ಬೆರೆತು ಬಾಳುವ ಗುಣ ಇದ್ದರೆ ಒಣಭೂಮಿ ಕೆಟ್ಟದ್ದಲ್ಲ. ಹುಣಸೆ, ಬೇವು, ಸೀತಾಫಲ ಅಲ್ಲಿ ಕಡಿಮೆ ನೀರಿಗೂ ಬದುಕುತ್ತವೆ. ಆದರೆ ಮುಪ್ಪಿಗೆಂದು ಇಟ್ಟ ಒಂದೇ ಗಂಟನ್ನು ಅದಕ್ಕೆ ಸುರಿಯಬೇಡಿ. ಅರವತ್ತು ದಾಟಿದವರಿಗೆ ಆಸ್ಪತ್ರೆ, ಔಷಧಿ ಅಂಗಡಿ, ರಾತ್ರಿ ಹೊತ್ತು ಕೂಗಿದರೆ ಓಡಿ ಬರುವ ನೆರೆಮನೆ, ಇವು ಎರಡು ಎಕರೆಗಿಂತ ದೊಡ್ಡ ಆಸ್ತಿ. ಹಳ್ಳಿಯಲ್ಲೇ ಇರಬೇಕೆಂದು ಆಸೆಯಾದರೆ ಊರೊಳಗೆ, ಗ್ರಾಮಠಾಣೆಯಲ್ಲಿ, ಕಟ್ಟಿದ ಮನೆಯೊಂದನ್ನು ಒಂದು ವರ್ಷ ಬಾಡಿಗೆಗೆ ಹಿಡಿದು ಒಂದು ಬೇಸಿಗೆ ಕಳೆದು ನೋಡಿ. ಮೇ ತಿಂಗಳು ದಾಟಿದ ಮೇಲೂ ಆ ಊರು ಇಷ್ಟವಾದರೆ ಆಗ ಜಮೀನಿನ ಮಾತು ತೆಗೆಯಿರಿ.

ಅವಸರ ಮಾಡಬೇಡಿ. "ನಾಳೆ ಬೇರೆಯವರು ಕೊಂಡುಬಿಡ್ತಾರೆ" ಎಂದರೆ ಕೊಳ್ಳಲಿ ಬಿಡಿ. ಭೂಮಿ ಎಲ್ಲಿಗೂ ಓಡಿಹೋಗುವುದಿಲ್ಲ. ಕೈಬಿಟ್ಟ ಹಣ ಮಾತ್ರ ಓಡಿಹೋಗುತ್ತದೆ.

ಮುಂದಿನ ಸಂಚಿಕೆಯಲ್ಲಿ ಉಯಿಲು ಬರೆಯುವ ವಿಷಯ. ಪ್ರಶ್ನೆಗಳಿದ್ದರೆ ಬರೆಯಿರಿ.